ಶುಶ್ರೂಷಕಿಯ ವಿಶ್ರಾಂತಿ ಯಾರ ಧರ್ಮ?

ರೋಗಿಗಳ ಸೇವೆಗೆ ನಿಂತವರು ತಮ್ಮ ಶರೀರ-ಮನಸ್ಸುಗಳನ್ನು ಕಾಪಾಡಿಕೊಳ್ಳುವದು ಧರ್ಮವೋ, ಇಲ್ಲವೆ ಸ್ವಾರ್ಥವೋ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಅಷ್ಟಾಗಿ ಎತ್ತಿದ್ದಿಲ್ಲ. ಮನೆಯಲ್ಲಿ ಬೇನೆ ಬಿದ್ದವರ ಬಳಿಯಲ್ಲಿ ತಾಯಿಯೋ, ಹೆಂಡತಿಯೋ, ಸೊಸೆಯೋ ಕುಳಿತಿರುವಳು. ಅವಳು ಉಂಡಳೇ, ಕಣ್ಣು ಮುಚ್ಚಿದಳೇ ಎಂದು ಕೇಳುವ ಪದ್ಧತಿ ಇರಲಿಲ್ಲ. ರೋಗಿಯು ಎದ್ದ ಮೇಲೆ ಅವಳು ಮಲಗಿದರೆ ಅದಕ್ಕೆ ದೃಷ್ಟಿ ತಗಲಿತೆಂದು ಅನ್ನುತ್ತಿದ್ದರು. ಈಗ ಆ ಕೆಲಸದ ಬಹುಭಾಗವು ಮನೆಯಿಂದ ಆಸ್ಪತ್ರೆಗೆ ಹೋಗಿದೆ. ಅಲ್ಲಿ ಸಂಬಳ ಪಡೆದು, ಪಾಳಿಯ ಮೇಲೆ ದುಡಿಯುವ ಶುಶ್ರೂಷಕಿಯರು ಬಂದಿದ್ದಾರೆ. ಅವರ ಬಳಲಿಕೆಯು ಎಷ್ಟು ಬೆಳೆದಿದೆಯೆಂದರೆ, ಮನಸ್ಸಿನ ಭಾರವನ್ನು ಇಳಿಸಿಕೊಂಡು ತಮ್ಮನ್ನು ತಾವೇ ನೋಡಿಕೊಳ್ಳುವದು ಹೇಗೆಂಬದನ್ನು ಅವರಿಗೆ ಕಲಿಸುವ ಸಲುವಾಗಿ ದೇಶದೇಶಗಳಲ್ಲಿ ತರಬೇತಿಯ ವರ್ಗಗಳು ನಡೆದಿವೆ. ಉಸಿರಾಟದ ಅಭ್ಯಾಸ, ಧ್ಯಾನ, ನಿದ್ರೆಯ ನಿಯಮ, ಮನಸ್ಸಿನಲ್ಲಿದ್ದುದನ್ನು ಜೊತೆಯವರೊಡನೆ ಆಡಿಕೊಳ್ಳುವ ರೀತಿ, ಇವು ಅಲ್ಲಿಯ ಪಾಠಗಳು. ಈ ಪಾಠಗಳ ಹಿಂದೆ ಅಡಗಿರುವ ಧರ್ಮಪ್ರಶ್ನೆಯನ್ನು ವಿಚಾರಿಸುವದೇ ಈ ಲೇಖದ ಉದ್ದೇಶವು. ಈ ವೃತ್ತಿಯಲ್ಲಿ ಈಗ ಪುರುಷರೂ ಬಹಳ ಇದ್ದಾರೆ. ಬರವಣಿಗೆಯ ಸೌಕರ್ಯಕ್ಕಾಗಿ ಸ್ತ್ರೀಲಿಂಗವನ್ನು ಬಳಸಿದರೆ ಅವರು ಮುನಿಯಲಾರರು.

ಮೊದಲು ಶಬ್ದವನ್ನೇ ನೋಡುವಾ. ನಮ್ಮ ಭಾಗದ ಹಳ್ಳಿಗಳಲ್ಲಿ ‘ನರ್ಸಬಾಯಿ’ ಎನ್ನುವರು. ಪಟ್ಟಣಗಳಲ್ಲಿ ‘ಸಿಸ್ಟರ್’ ಎನ್ನುವರು. ಸರಕಾರವು ‘ಶುಶ್ರೂಷಾಧಿಕಾರಿ’ ಎಂದು ಬರೆಯುವದು. ಪಾಠಶಾಲೆಯಲ್ಲಿ ಕೌಮುದಿಯನ್ನು ಉರುಹೊಡೆದ ನನ್ನಂಥವನಿಗೆ ಈ ಕೊನೆಯ ಶಬ್ದದ ಮೇಲೆಯೇ ಮಮತೆ. ‘ಶ್ರು’ ಎಂಬ ಧಾತುವಿಗೆ ಇಚ್ಛಾರ್ಥದ ‘ಸನ್’ ಪ್ರತ್ಯಯವು ಹತ್ತಿ ‘ಶುಶ್ರೂಷಾ’ ಎಂದಾಗುವದು. ಅಂದರೆ ಕೇಳಬೇಕೆಂಬ ಇಚ್ಛೆ. ಶಿಷ್ಯನು ಗುರುವಿನ ಮಾತನ್ನು ಕೇಳಲಿಚ್ಛಿಸಿ ಬಳಿಯಲ್ಲಿ ಕುಳಿತುಕೊಳ್ಳುವನು. ಕುಳಿತವನು ನೀರು ತರುವನು, ಕಾಲೊತ್ತುವನು. ಹೀಗೆ ಶಬ್ದವು ಕೇಳುವ ಇಚ್ಛೆಯಿಂದ ಸೇವೆಗೆ ಸರಿಯಿತು. ಆದರೂ ಮೂಲಾರ್ಥವು ಸತ್ತಿಲ್ಲ. ರೋಗಿಯು ನರಳಿದ್ದು ನೋವಿಗೋ, ಭಯಕ್ಕೋ, ಬಾಯಾರಿಕೆಗೋ ಎಂಬದನ್ನು ಕೇಳಿ ತಿಳಿಯಬೇಕೆಂಬ ಇಚ್ಛೆಯುಳ್ಳವಳೇ ಶುಶ್ರೂಷಕಿ. ಔಷಧವನ್ನು ಕೊಡುವ ಕೈ ಎಷ್ಟೇ ಚುರುಕಾಗಿದ್ದರೂ ಆ ಇಚ್ಛೆಯು ಹೋಯಿತೆಂದರೆ ಶಬ್ದಾರ್ಥವು ಹೋಯಿತು.

ಈ ಇಚ್ಛೆಯು ಹೋಗುವದಕ್ಕೇ ಪಾಶ್ಚಾತ್ಯರು ‘ಬರ್ನ್‌ಔಟ್’ ಎಂದು ಹೆಸರಿಟ್ಟಿದ್ದಾರೆ. ಉರಿದು ಬರಿದಾಗುವದೆಂದು ಅದರ ತಾತ್ಪರ್ಯ. ಎಣ್ಣೆ ತೀರಿದ ದೀಪವು ಕೂಡಲೆ ಆರುವದಿಲ್ಲ. ಕೆಲಹೊತ್ತು ಬತ್ತಿಯೇ ಸುಡುತ್ತದೆ. ನೋಡುವವರಿಗೆ ದೀಪ ಉರಿಯುತ್ತಿದೆಯೆಂದೇ ಕಾಣುವದು. ೧೯೭೪ ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರನು ಬಡವರ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರನ್ನು ಕಂಡು ಈ ಶಬ್ದವನ್ನು ಶಾಸ್ತ್ರಕ್ಕೆ ತಂದನು. ಗಮನಿಸತಕ್ಕ ಸಂಗತಿಯೆಂದರೆ, ಅವರು ಒತ್ತಾಯದ ಆಳುಗಳಲ್ಲ. ಮನಸ್ಸಿಟ್ಟು ಸೇವೆಗೆ ಬಂದವರು. ಮುಂದೆ ೧೯೮೧ ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿಯು ಸೂಸನ್ ಜಾಕ್ಸನ್ನಳೊಡಗೂಡಿ ಅದನ್ನು ಅಳೆಯುವ ಮಾಪನವನ್ನು ರಚಿಸಿ ಮೂರು ಲಕ್ಷಣಗಳನ್ನು ಹೇಳಿದಳು. ಮನಸ್ಸಿನ ಸತ್ವವು ಬತ್ತುವದು ಒಂದು. ಎದುರಿನ ಮನುಷ್ಯನು ಮನುಷ್ಯನಾಗಿ ತೋರದೆ ವಸ್ತುವಿನಂತೆ ತೋರುವದು ಎರಡು. ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ಹತಾಶೆ ಮೂರು. ಈ ಎರಡನೆಯದೇ ನಾನು ಹೇಳಿದ ಶುಶ್ರೂಷೆಯ ಲೋಪವು. ‘ಏಳನೆಯ ಹಾಸಿಗೆ’ ಎಂದು ರೋಗಿಯನ್ನು ಕರೆಯುವದು ಅವಸರದ ಮಾತಾಗಿರಬಹುದು. ಏಳನೆಯ ಹಾಸಿಗೆಯೆಂದೇ ಎಣಿಸುವದು ಬೇರೆ. ೨೦೧೯ ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದ ೧೧ ನೆಯ ಆವೃತ್ತಿಯಲ್ಲಿ ಇದನ್ನು ಸೇರಿಸುವಾಗ ಇದು ರೋಗವಲ್ಲ, ಉದ್ಯೋಗದಿಂದ ಹುಟ್ಟಿದ ಅವಸ್ಥೆಯೆಂದು ಸ್ಪಷ್ಟವಾಗಿ ಬೇರ್ಪಡಿಸಿತು. ರೋಗವಾದರೆ ರೋಗಿಯಲ್ಲಿ ಕಾರಣವನ್ನು ಹುಡುಕಬಹುದು. ಉದ್ಯೋಗದ ಅವಸ್ಥೆಯಾದರೆ ಉದ್ಯೋಗದಲ್ಲಿಯೇ ಹುಡುಕಬೇಕಲ್ಲವೆ?

ಇನ್ನು ನಮ್ಮ ಶಾಸ್ತ್ರಗಳೇನು ಹೇಳುವವು? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಖುಡ್ಡಾಕಚತುಷ್ಪಾದವೆಂಬ ಒಂಬತ್ತನೆಯ ಅಧ್ಯಾಯವಿದೆ. ಚಿಕಿತ್ಸೆಯು ನಾಲ್ಕು ಕಾಲುಗಳ ಮೇಲೆ ನಿಂತಿದೆಯೆಂದು ಅಲ್ಲಿಯ ಮತ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಈ ಉಪಸ್ಥಾತೃವೇ ನಮ್ಮ ಶುಶ್ರೂಷಕಿ. ಉಪಚಾರದ ತಿಳಿವು, ದಕ್ಷತೆ, ಅನುರಾಗ, ಶುಚಿತ್ವ ಎಂದು ಅವಳಿಗೆ ನಾಲ್ಕು ಗುಣಗಳನ್ನು ವಿಧಿಸಿದೆ. ತಿಳಿವನ್ನು ಶಾಲೆಯಲ್ಲಿ ಕಲಿಸಬಹುದು. ದಕ್ಷತೆಯು ಅಭ್ಯಾಸದಿಂದ ಬರುವದು. ಶುಚಿತ್ವಕ್ಕೆ ನೀರು-ಸಾಬೂನು ಬೇಕು. ಅನುರಾಗವನ್ನು ಎಲ್ಲಿಂದ ತರಬೇಕು? ಸೇವಾನಿಯಮಗಳಲ್ಲಿ ಅದಕ್ಕೆ ಕಲಮಿಲ್ಲ. ನಿದ್ದೆಗೆಟ್ಟ ತಾಯಿಯೇ ತನ್ನ ಹೊಟ್ಟೆಯ ಕೂಸಿನ ಮೇಲೆ ರೇಗುವಳು. ಹೀಗಿರಲು ಹದಿನೈದು ಜನ ಅಪರಿಚಿತರ ಮೇಲೆ ಅನುರಾಗವು ದಣಿದ ದೇಹದಿಂದ ಹೇಗೆ ಹೊರಡಬೇಕು?

ಅದೇ ಗ್ರಂಥದ ಏಳನೆಯ ಅಧ್ಯಾಯವು ಇದಕ್ಕಿಂತಲೂ ನಮಗೆ ಹೆಚ್ಚು ಪ್ರಕೃತವು. ತಡೆಯಬಾರದ ವೇಗಗಳು ಹದಿಮೂರೆಂದು ಅಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಮೂತ್ರ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆ, ಶ್ರಮದ ಏದುಸಿರು ಇವು ಸೇರಿವೆ. ವಾಚಕರು ಒಂದು ಕ್ಷಣ ನಿಂತು, ತಾವು ಕಂಡ ಯಾವದಾದರೊಂದು ತುಂಬಿದ ವಾರ್ಡನ್ನು ನೆನೆಯಲಿ. ಅಲ್ಲಿಯ ಶುಶ್ರೂಷಕಿಯು ಪಾಳಿ ಮುಗಿಯುವ ವರೆಗೆ ಇವುಗಳಲ್ಲಿ ಎಷ್ಟನ್ನು ತಡೆದಿರುವಳು! ಮೂತ್ರಕ್ಕೆ ಹೋಗಲು ಬಿಡುವಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುವಳು. ರೋಗಿಯು ತೀರಿಕೊಂಡರೆ ಅಳುವಂತಿಲ್ಲ. ಪಕ್ಕದ ಹಾಸಿಗೆಯವನು ನೋಡುತ್ತಿರುವನು. ಆಯುರ್ವೇದದ ಪ್ರಕಾರ ಇವೆಲ್ಲ ರೋಗದ ಬೀಜಗಳು. ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳ ಬೇರೊಂದು ಪಟ್ಟಿಯಿದೆ: ಲೋಭ, ಶೋಕ, ಭಯ, ಕ್ರೋಧ ಮುಂತಾದ ಮನಸ್ಸಿನವು, ಕಠೋರವಾದ ಮಾತೂ ಅದರಲ್ಲಿ ಸೇರಿದೆ. ನನಗೆ ತೋರುವದೇನೆಂದರೆ, ಇಂದಿನ ತರಬೇತಿಗಳು ಈ ಎರಡನೆಯ ಪಟ್ಟಿಯನ್ನು ಚೆನ್ನಾಗಿ ಕಲಿಸುತ್ತವೆ. ಕ್ರೋಧವನ್ನು ಹೇಗೆ ತಡೆಯಬೇಕು, ಭಯವನ್ನು ಹೇಗೆ ಗೆಲ್ಲಬೇಕು ಎಂಬದಕ್ಕೆ ಅಭ್ಯಾಸಗಳಿವೆ. ಮೊದಲನೆಯ ಪಟ್ಟಿಯ ವಿಷಯದಲ್ಲಿ ಅವು ಮೌನವಾಗಿರುವವು. ಏಕೆಂದರೆ ಅದು ಕಲಿಸುವ ವಿಷಯವೇ ಅಲ್ಲ. ಹಸಿದವನಿಗೆ ಹಸಿವೆಯ ಪಾಠ ಬೇಕಾಗಿಲ್ಲ. ಉಣ್ಣಲು ಅರ್ಧ ತಾಸು ಬೇಕು, ಆ ಅರ್ಧ ತಾಸು ವಾರ್ಡಿನಲ್ಲಿ ನಿಲ್ಲಲು ಇನ್ನೊಬ್ಬಳು ಬೇಕು. ಶಾಸ್ತ್ರಕಾರರು ಎರಡು ಪಟ್ಟಿಗಳನ್ನೂ ಒಂದೇ ಅಧ್ಯಾಯದಲ್ಲಿಟ್ಟರು, ಅದರಲ್ಲಿಯೂ ದೇಹದ್ದನ್ನು ಮೊದಲಿಟ್ಟರು. ನಾವು ಅಧ್ಯಾಯದ ಅರ್ಧವನ್ನು ಹರಿದು ಉಳಿದರ್ಧವನ್ನು ಓದಿಸುತ್ತಿದ್ದೇವೆ.

ಇಲ್ಲಿ ಒಂದು ಆಕ್ಷೇಪವು ಏಳುವದು, ಅದನ್ನು ಹಗುರಾಗಿ ಕಾಣಲಾಗದು. ಸೇವೆಯೆಂದರೆ ತ್ಯಾಗವಲ್ಲವೆ? ನಾಲ್ವತ್ತೆಂಟು ದಿನ ಉಪವಾಸವಿದ್ದ ರಂತಿದೇವನು ಕೊನೆಗೆ ದೊರೆತ ಅನ್ನವನ್ನೂ ನೀರನ್ನೂ ಬೇಡಿಬಂದವರಿಗೆ ಕೊಟ್ಟ ಕಥೆಯನ್ನು ಭಾಗವತದಲ್ಲಿ ಓದಿ ಬೆಳೆದವರು ನಾವು. ಶಿಬಿಯು ಪಾರಿವಾಳಕ್ಕಾಗಿ ತನ್ನ ಮಾಂಸವನ್ನೇ ತೂಗಿದನು. ಹೀಗಿರುವಾಗ ‘ನನ್ನ ನಿದ್ರೆ, ನನ್ನ ಊಟ’ ಎನ್ನುವವಳು ಸೇವೆಯ ಮಾತಾಡಬಹುದೆ, ಎಂದು ಹಿರಿಯರು ಕೇಳಬಹುದು. ಕೇಳಿದ್ದನ್ನು ನಾನು ಕೇಳಿಯೂ ಇದ್ದೇನೆ.

ಉತ್ತರವಾಗಿ ಎರಡು ಮಾತು. ಶಿಬಿಯು ಕತ್ತರಿಸಿದ್ದು ತನ್ನ ತೊಡೆಯನ್ನು, ತನ್ನ ಕೈಯಿಂದ. ಮಂತ್ರಿಯ ತೊಡೆಯನ್ನು ಕತ್ತರಿಸಿ ತಕ್ಕಡಿಗೆ ಹಾಕಿದ್ದರೆ ಆ ಕಥೆಯನ್ನು ಯಾರೂ ಹೇಳುತ್ತಿರಲಿಲ್ಲ. ತ್ಯಾಗವನ್ನು ಮಾಡುವವನು ಮಾಡಬಹುದು. ಅದರ ಲಾಭವನ್ನು ಉಣ್ಣುವವನು ಅದನ್ನು ವಿಧಿಸಲಾಗದು. ಇಬ್ಬರು ಮಾಡತಕ್ಕ ಕೆಲಸಕ್ಕೆ ಒಬ್ಬಳನ್ನು ನೇಮಿಸಿ, ಉಳಿದರ್ಧಕ್ಕೆ ‘ತ್ಯಾಗ’ವೆಂದು ಹೆಸರಿಡುವದು ಧರ್ಮವಲ್ಲ, ಲೆಕ್ಕದ ಜಾಣತನವು. ಎರಡನೆಯದಾಗಿ, ರಂತಿದೇವನು ಕೊಟ್ಟದ್ದು ತನ್ನ ಪಾಲಿನ ಅನ್ನ. ಶುಶ್ರೂಷಕಿಯು ವ್ಯಯಿಸುತ್ತಿರುವ ಎಚ್ಚರವು ಕೇವಲ ಅವಳದಲ್ಲ. ನಸುಕಿನ ನಾಲ್ಕು ಗಂಟೆಗೆ ಔಷಧದ ಪ್ರಮಾಣವನ್ನು ಎಣಿಸಬೇಕಾದ ಕಣ್ಣು ಅದು. ಅವಳು ಮೊನ್ನೆಯೂ ನಿನ್ನೆಯೂ ನಿದ್ದೆಗೆಟ್ಟದ್ದರ ಫಲವನ್ನು ಇಂದಿನ ರೋಗಿಯು ಅನುಭವಿಸುವನು. ಇನ್ನೊಬ್ಬನ ಪಾಲನ್ನು ದಾನ ಮಾಡುವದಕ್ಕೆ ಯಾವ ಸ್ಮೃತಿಯೂ ಒಪ್ಪಿಗೆ ಕೊಟ್ಟಿಲ್ಲ.

ರಾಮಾಯಣದಲ್ಲಿ ಇದಕ್ಕೆ ಒಂದು ಪ್ರಸಂಗವಿದೆ. ಗಂಗೆಯ ದಡದಲ್ಲಿ ರಾಮಸೀತೆಯರು ನೆಲದ ಮೇಲೆ ಮಲಗಿದಾಗ ಲಕ್ಷ್ಮಣನು ಬಿಲ್ಲು ಹಿಡಿದು ನಿಂತನು. ನಿಷಾದರಾಜನಾದ ಗುಹನು ಬಂದು, ನೀನು ಮಲಗು, ಕಾಯುವ ಭಾರ ನಮಗಿರಲಿ ಎಂದನು. ಲಕ್ಷ್ಮಣನು ಒಪ್ಪಲಿಲ್ಲ. ಪುರಾಣ ಕೇಳುವವರೆಲ್ಲ ಲಕ್ಷ್ಮಣನಿಗೆ ತಲೆದೂಗುವರು. ನನಗಾದರೋ ವಯಸ್ಸಾದಂತೆ ಗುಹನ ಮಾತೇ ಹೆಚ್ಚು ಹಿತವೆನಿಸುತ್ತಿದೆ. ಕಾಯುವವನನ್ನು ಕಾಯಬೇಕೆಂಬದು ಅವನಿಗೆ ಹೊಳೆಯಿತು. ಲಕ್ಷ್ಮಣನು ಹದಿನಾಲ್ಕು ವರ್ಷ ನಿದ್ರಿಸಲಿಲ್ಲವೆಂದೂ, ಆ ನಿದ್ರೆಯನ್ನೆಲ್ಲ ಅಯೋಧ್ಯೆಯಲ್ಲಿ ಊರ್ಮಿಳೆಯು ನಿದ್ರಿಸಿದಳೆಂದೂ ಜನರಲ್ಲೊಂದು ಕಥೆಯಿದೆ. ಅದು ವಾಲ್ಮೀಕಿಯದಲ್ಲ. ಆದರೂ ಅದನ್ನು ಕಟ್ಟಿದ ಜನರಿಗೆ ಒಂದು ತತ್ವ ಗೊತ್ತಿತ್ತು: ನಿದ್ರೆಯು ಸಾಲ, ಒಬ್ಬನು ತೀರಿಸದಿದ್ದರೆ ಇನ್ನೊಬ್ಬನು ತೀರಿಸಬೇಕು. ಆಸ್ಪತ್ರೆಯಲ್ಲಿ ಅದನ್ನು ತೀರಿಸುವವನು ಸಾಮಾನ್ಯವಾಗಿ ರೋಗಿಯೇ ಆಗಿರುವನು.

ಹಾಗಾದರೆ ತರಬೇತಿಯು ವ್ಯರ್ಥವೆನ್ನಬೇಕೆ? ನಾನು ಹಾಗೆನ್ನಲಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರದ ಒಂದು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ. ಕಾರಹುಣ್ಣಿಮೆಗೆ ಊರಿಗೆ ಬಂದಾಗ ನಮಸ್ಕರಿಸಲು ಮನೆಗೆ ಬಂದಳು. ಇಂಥದೊಂದು ತರಬೇತಿಗೆ ಹೋಗಿದ್ದೆಯಂತಲ್ಲ, ಹೇಗಿತ್ತೆಂದು ಕೇಳಿದೆ.

“ಪಾಠಾ ಭಾಳ ಛಲೋ ಇತ್ತರಿ ಗುರುಗಳ. ನಿದ್ದಿ ಹೆಂಗ ಮಾಡಬೇಕು, ಸಿಟ್ಟು ಹೆಂಗ ತಡೀಬೇಕು, ಎಲ್ಲಾ ಹೇಳಿದ್ರು. ಆದರ ನಾ ರಾತ್ರಿ ಪಾಳಿ ಮುಗಿಸಿ ಹಂಗ ಹೋಗಿ ಕುಂತಿದ್ದೆರಿ. ಕಣ್ಣ ಮುಚ್ಚಿ ಉಸಿರಿನ ಮ್ಯಾಲ ಲಕ್ಷ್ಯ ಇಡ್ರಿ ಅಂದ ಕೂಡಲೆ ನಿದ್ದಿ ಹತ್ತಿ ಬಿಡ್ತು.”

ನಗುತ್ತ ಹೇಳಿದಳು, ನಾನೂ ನಕ್ಕೆ. ಆ ದಿನಕ್ಕೆ ಬದಲಿ ರಜೆಯನ್ನು ಕೊಡಲಿಲ್ಲವೆಂಬದನ್ನು ಮಾತ್ರ ಅವಳು ನಗದೆ ಹೇಳಿದಳು.

“ಹಂಗಾದರ ಅಂಥಾ ಪಾಠ ಬ್ಯಾಡಂತೀಯೇನವಾ?” ಎಂದೆ.

“ಬೇಕ್ರಿ. ಅದರಾಗ ಒಂದು ಕಲಿತೀವಿ. ಯಾರರೆ ತೀರಿಕೊಂಡ ದಿನ, ಪಾಳಿ ಮುಗಿದ ಮ್ಯಾಲ ನಾಕ ಮಂದಿ ಕುಂತು ಅದರ ಮಾತ ಆಡಿ ಹೋಗೋದು. ಮೊದಲ ಹಂಗ ಮನಿಗೆ ಹೋಗ್ತಿದ್ದೆ, ಮಗಳ ಮ್ಯಾಲ ಒದರತಿದ್ದೆ. ಈಗ ಒದರೂದು ಕಡಿಮಿ ಆಗೇದ ನೋಡ್ರಿ.”

ಇದಕ್ಕಿಂತ ಹೆಚ್ಚಿನ ಪ್ರಶಸ್ತಿಪತ್ರವು ಯಾವ ತರಬೇತಿಗೂ ಬೇಡ. ಒಂದು ಕೂಸು ಸಂಜೆಯ ಬೈಗಳಿನಿಂದ ಉಳಿಯಿತು. ಶೋಕವನ್ನು ಒಳಗೆ ಒತ್ತದೆ ನಾಲ್ವರ ನಡುವೆ ಇಳಿಸುವದು ನಮ್ಮ ಹಳ್ಳಿಗಳಲ್ಲಿ ಸತ್ತವರ ಮನೆಯ ಮುಂದೆ ಕುಳಿತು ಹೆಂಗಸರು ಮಾಡುತ್ತಿದ್ದ ಕೆಲಸವೇ. ಆಸ್ಪತ್ರೆಯಲ್ಲಿ ಅದಕ್ಕೆ ಸ್ಥಳವಿಲ್ಲದ್ದರಿಂದ ಈಗ ಅದನ್ನು ಪಾಠವಾಗಿ ಕಲಿಸಬೇಕಾಗಿ ಬಂದಿದೆ. ಮನಸ್ಸಿನ ಭಾರವು ಒಬ್ಬರಿಂದಲೇ ಇಳಿಯದಾದಾಗ ಕೇಳುವವರು ಬೇಕು. ೨೦೨೨ ರ ಅಕ್ಟೋಬರ್ ೧೦ ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿಯ ವ್ಯವಸ್ಥೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮೂಲಸ್ಥಾನವು. ೧೪೪೧೬ ಎಂಬ ಸಂಖ್ಯೆಗೆ ಕನ್ನಡದಲ್ಲಿಯೇ ಮಾತಾಡಬಹುದು. ಶುಶ್ರೂಷಕಿಯರೂ ಅದನ್ನು ಬಳಸಬಹುದೆಂಬದನ್ನು ಅವರ ಮನೆಯವರು ತಿಳಿದಿರುವದು ಒಳ್ಳೆಯದು.

ಆದರೆ ತರಬೇತಿಯಿಂದ ಎಷ್ಟಾಗುವದೋ ಅಷ್ಟೇ ಆಗುವದು. ಇದು ನನ್ನೊಬ್ಬನ ಊಹೆಯಲ್ಲ. ವೈದ್ಯರ ಬಳಲಿಕೆಯನ್ನು ಕುರಿತು ಅದುವರೆಗೆ ನಡೆದ ಪ್ರಯೋಗಗಳನ್ನು ೨೦೧೭ ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವ್ಯಕ್ತಿಗೆ ಕಲಿಸಿದ್ದರಿಂದ ಆದ ಲಾಭಕ್ಕಿಂತ ಕೆಲಸದ ಏರ್ಪಾಡನ್ನೇ ಬದಲಿಸಿದ್ದರಿಂದ ಆದ ಲಾಭವು ಹೆಚ್ಚೆಂದು ಕಂಡುಬಂದಿತು. ಶುಶ್ರೂಷಕಿಯರ ವಿಷಯದಲ್ಲಿ ಲಿಂಡಾ ಏಕನ್ ಎಂಬವಳೂ ಅವಳ ಸಂಗಡಿಗರೂ ೨೦೦೨ ರಲ್ಲಿ ಪ್ರಕಟಿಸಿದ ಲೆಕ್ಕವು ಪ್ರಸಿದ್ಧವಾಗಿದೆ. ಅಮೇರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದ ೧೬೮ ಆಸ್ಪತ್ರೆಗಳನ್ನು ಅವರು ಪರೀಕ್ಷಿಸಿದರು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿಯು ಹೆಚ್ಚಾದರೆ ಅವಳು ಬಳಲಿ ಬರಿದಾಗುವ ಸಂಭವವು ನೂರಕ್ಕೆ ೨೩ ರಷ್ಟು ಏರುವದು. ಶಸ್ತ್ರಚಿಕಿತ್ಸೆಯ ರೋಗಿಯು ೩೦ ದಿನಗಳೊಳಗೆ ಸಾಯುವ ಸಂಭವವು ನೂರಕ್ಕೆ ೭ ರಷ್ಟು ಏರುವದು. ಈ ಎರಡು ಅಂಕಿಗಳು ಒಂದೇ ಲೆಕ್ಕದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವದನ್ನು ನೋಡಿದರೆ, ಅವಳ ದಣಿವೂ ಅವನ ಆಯುಷ್ಯವೂ ಒಂದೇ ಹಗ್ಗದ ಎರಡು ತುದಿಗಳೆಂದು ತಿಳಿಯುವದು. ಕ್ಯಾಲಿಫೋರ್ನಿಯಾ ಪ್ರಾಂತವು ೧೯೯೯ ರಲ್ಲಿಯೇ ಒಬ್ಬಳಿಗೆ ಇಂತಿಷ್ಟೇ ರೋಗಿಗಳೆಂದು ಕಾಯಿದೆಯನ್ನು ಮಾಡಿ ೨೦೦೪ ರಿಂದ ಜಾರಿಗೆ ತಂದಿತು.

ನಮ್ಮಲ್ಲಿಯೂ ನಿಯಮಗಳಿಲ್ಲವೆಂದಲ್ಲ. ೧೯೪೭ ರ ಕಾಯಿದೆಯಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ವೈದ್ಯವಿದ್ಯೆಯನ್ನು ಕಲಿಸುವ ಆಸ್ಪತ್ರೆಯ ಸಾಮಾನ್ಯ ವಾರ್ಡುಗಳಲ್ಲಿ ಮೂರು ಹಾಸಿಗೆಗೊಬ್ಬರು, ಇತರ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೊಬ್ಬರು ಇರಬೇಕು. ಇದನ್ನು ಓದಿದವರು, ಐವರಿಗೊಬ್ಬಳೆಂದರೆ ಸುಖವಾಯಿತಲ್ಲ ಎಂದುಕೊಳ್ಳಬಾರದು. ದಿನಕ್ಕೆ ಪಾಳಿಗಳು ಮೂರು. ಆದ್ದರಿಂದ ಒಂದು ಹೊತ್ತಿಗೆ ಅವಳ ಮುಂದಿರುವವರು ಹದಿನೈದು ಜನ. ಅದಲ್ಲದೆ ರಜೆಯಲ್ಲಿರುವವರ ಬದಲಿಗೆಂದು ನೂರಕ್ಕೆ ೩೦ ರಷ್ಟು ಹೆಚ್ಚು ಜನರು ಇರಬೇಕೆಂದೂ ಅದರಲ್ಲಿ ಹೇಳಿದೆ. ಮಾನದಂಡದ ತಿರುಳು ಇದೇ ಎಂದು ನನ್ನ ಅಭಿಪ್ರಾಯ. ಈ ಮೂವತ್ತು ಜನರಿದ್ದರೆ ರಜೆಯೆಂಬದು ಹಕ್ಕಾಗುವದು. ಇಲ್ಲದಿದ್ದರೆ ಒಬ್ಬಳು ಮಲಗಬೇಕಾದರೆ ಇನ್ನೊಬ್ಬಳು ಎರಡು ಪಾಳಿ ನಿಲ್ಲಬೇಕಾಗುವದು, ಮತ್ತು ರಜೆ ಕೇಳುವದೇ ಗೆಳತಿಗೆ ಮಾಡುವ ಅಪರಾಧದಂತಾಗುವದು. ಹಾಗೆ ನಾಚಿ ರಜೆ ಕೇಳದಿರುವವಳಿಗೆ ಯಾವ ಧ್ಯಾನವನ್ನು ಕಲಿಸೋಣ? ಜಗತ್ತಿನಲ್ಲಿ ೨ ಕೋಟಿ ೭೯ ಲಕ್ಷ ಶುಶ್ರೂಷಕರಿದ್ದಾರೆಂದೂ, ಇನ್ನೂ ೫೯ ಲಕ್ಷ ಜನರು ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ ರಲ್ಲಿ ಎಣಿಸಿತ್ತು. ಅದೇ ವರ್ಷದ ಮಾರ್ಚ್ ೨೨ ರ ಸಂಜೆ ಐದು ಗಂಟೆಗೆ ನಾವೆಲ್ಲ ಮನೆಯ ಬಾಗಿಲಲ್ಲಿ ನಿಂತು ತಟ್ಟೆ-ಜಾಗಟೆಗಳನ್ನು ಬಾರಿಸಿ ಅವರನ್ನು ಗೌರವಿಸಿದೆವು. ಗೌರವವು ಸಲ್ಲತಕ್ಕದ್ದೇ. ಅದು ಐದು ನಿಮಿಷದ್ದು.

ದೀರ್ಘಕಾಲದ ಶುಶ್ರೂಷೆ ಹೇಗೆ ಸಾಧ್ಯವಾಗುವದೆಂಬದಕ್ಕೆ ನಮ್ಮ ನಾಡಿನ ಮಗಳೊಬ್ಬಳ ವೃತ್ತಾಂತಕ್ಕಿಂತ ದೊಡ್ಡ ಉದಾಹರಣೆಯನ್ನು ನಾನರಿಯೆ. ಅರುಣಾ ಶಾನಭಾಗ ಎಂಬವಳು ಉತ್ತರಕನ್ನಡ ಜಿಲ್ಲೆಯ ಹಳದೀಪುರದವಳು. ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದಳು. ೧೯೭೩ ರ ನವೆಂಬರ್ ೨೭ ರಂದು ಅದೇ ಆಸ್ಪತ್ರೆಯ ನೌಕರನೊಬ್ಬನು ನಡೆಸಿದ ಘೋರ ಅತ್ಯಾಚಾರದಿಂದ ಅವಳ ಮೆದುಳಿಗೆ ಆಘಾತವಾಯಿತು. ಮಾತು ಹೋಯಿತು, ನಡೆ ಹೋಯಿತು. ೨೦೧೫ ರ ಮೇ ೧೮ ರಂದು ತೀರಿಕೊಳ್ಳುವ ವರೆಗೆ, ನಾಲ್ವತ್ತೊಂದು ವರ್ಷಗಳನ್ನು ಮೀರಿದ ಕಾಲ, ಅವಳು ಆ ಆಸ್ಪತ್ರೆಯಲ್ಲಿಯೇ ಇದ್ದಳು. ಅವಳನ್ನು ತೊಳೆದು, ಉಣಿಸಿ, ಮಗ್ಗುಲು ಹೊರಳಿಸಿದವರು ಅಲ್ಲಿಯ ಶುಶ್ರೂಷಕಿಯರು. ಇಷ್ಟು ದೀರ್ಘಕಾಲದಲ್ಲಿ ಅವಳಿಗೆ ಹಾಸಿಗೆಯ ಹುಣ್ಣು ಆಗಿಲ್ಲವೆಂದು ಆಸ್ಪತ್ರೆಯ ಮುಖ್ಯಸ್ಥರು ನ್ಯಾಯಾಲಯಕ್ಕೆ ತಿಳಿಸಿದರು. ಅವಳನ್ನು ಅಲ್ಲಿಂದ ಸಾಗಿಸುವ ಪ್ರಯತ್ನಗಳು ನಡೆದಾಗ ಶುಶ್ರೂಷಕಿಯರು ಅಡ್ಡನಿಂತು ತಡೆದರು. ೨೦೧೧ ರ ಮಾರ್ಚ್ ೭ ರಂದು ಸರ್ವೋಚ್ಚ ನ್ಯಾಯಾಲಯವು ದಯಾಮರಣದ ಪ್ರಶ್ನೆಯನ್ನು ನಿರ್ಣಯಿಸುವಾಗ, ಅವಳ ಆಪ್ತರೆಂದು ಮಾತಾಡುವ ಅಧಿಕಾರವು ಆ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ಹೇಳಿ ಅವರ ಸೇವೆಯನ್ನು ಕೊಂಡಾಡಿತು.

ಈ ಕಥೆಯನ್ನು ಹೇಳುವವರು ತ್ಯಾಗದ ಪರಾಕಾಷ್ಠೆಯೆಂದು ಹೇಳುವರು. ನಾನು ಅದರಲ್ಲಿ ಇನ್ನೊಂದನ್ನು ಕಾಣುತ್ತೇನೆ. ನಾಲ್ವತ್ತು ವರ್ಷ ಅವಳನ್ನು ನೋಡಿಕೊಂಡದ್ದು ಒಬ್ಬಳಲ್ಲ. ೧೯೭೩ ರಲ್ಲಿ ಅವಳೊಡನೆ ಕೆಲಸ ಮಾಡಿದವರು ನಿವೃತ್ತರಾಗಿ ಹೋದರು; ಅವಳು ನಕ್ಕದ್ದನ್ನು ಮಾತಾಡಿದ್ದನ್ನು ಎಂದೂ ಕಾಣದ ಹುಡುಗಿಯರು ಬಂದರು; ಅವರೂ ಮುದುಕಿಯರಾಗುವ ಹೊತ್ತಿಗೆ, ಆ ದುರ್ಘಟನೆಯ ಕಾಲಕ್ಕೆ ಹುಟ್ಟಿಯೂ ಇರದವರು ಆ ಹಾಸಿಗೆಯ ಬಳಿ ನಿಂತರು. ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು, ರಾತ್ರಿ ಇನ್ನೊಬ್ಬಳು. ಪ್ರತಿಯೊಬ್ಬಳೂ ತನ್ನ ಪಾಳಿ ಮುಗಿಸಿ ಮನೆಗೆ ಹೋದಳು, ಉಂಡಳು, ಮಲಗಿದಳು. ಹೋಗುವಾಗ ಅವಳನ್ನು ಮುಂದಿನವಳ ಕೈಗೆ ಒಪ್ಪಿಸಿ ಹೋದಳು. ಒಬ್ಬಳೇ ಮಹಾತ್ಯಾಗಿಯನ್ನು ನೇಮಿಸಿದ್ದರೆ ಆ ಸೇವೆಯು ಒಂದು ವರ್ಷ ನಡೆಯುತ್ತಿತ್ತೋ ಇಲ್ಲವೋ. ಇನ್ನೊಂದು ಸಂಗತಿಯನ್ನೂ ಮರೆಯಲಾಗದು: ಆ ಘಟನೆಯಾದ ಕೂಡಲೆ ಮುಂಬಯಿಯ ಶುಶ್ರೂಷಕಿಯರು ಅವಳಿಗಾಗಿಯೂ ತಮ್ಮ ಕೆಲಸದ ಸ್ಥಿತಿಗತಿಗಳು ಸುಧಾರಿಸಬೇಕೆಂದೂ ಮುಷ್ಕರ ಹೂಡಿದ್ದರು. ತಮಗಾಗಿ ಕೇಳಲು ಬಲ್ಲವರೇ ಅವಳಿಗಾಗಿ ನಾಲ್ಕು ದಶಕ ನಿಂತರು. ಸ್ವರಕ್ಷಣೆಗೂ ಸೇವೆಗೂ ವಿರೋಧವಿದೆಯೆಂಬವರು ಇದಕ್ಕೆ ಏನು ಸಮಾಧಾನ ಹೇಳುವರೋ ಕಾಣೆ.

ಈ ‘ಒಪ್ಪಿಸಿ ಹೋಗುವದ’ನ್ನೇ ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯು ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಒಂದು ಅಧ್ಯಾಯದ ವಿಷಯವನ್ನಾಗಿ ಮಾಡಿದ್ದಾಳೆ. ನೀನಿರುವಾಗ ನಡೆಯುವದು ನೀನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ ನಿನ್ನ ಒಳ್ಳೆಯ ಸೇವೆಯೆಲ್ಲ ಕೆಡುವದೆಂಬದು ಅಲ್ಲಿಯ ಅಭಿಪ್ರಾಯವು. ‘ನಾನಿಲ್ಲದಿದ್ದರೆ ಆಗುವದಿಲ್ಲ’ ಎಂಬ ಮಾತನ್ನು ನಾವು ಹೊಗಳಿಕೆಯಾಗಿ ಕೇಳುತ್ತೇವೆ. ಅವಳಿಗೆ ಅದು ಏರ್ಪಾಡಿನ ದೋಷವಾಗಿ ಕೇಳಿಸಿತು. ೧೮೫೪ ರಲ್ಲಿ ಕ್ರಿಮಿಯಾದ ಯುದ್ಧಕ್ಕಾಗಿ ಸ್ಕುಟಾರಿಗೆ ಹೋದ ಅವಳು ೧೮೫೬ ರಲ್ಲಿ ಮರಳಿ, ಮುಂದಿನ ವರ್ಷದಿಂದ ದೀರ್ಘಕಾಲ ಹಾಸಿಗೆ ಹಿಡಿದಳು. ದೀಪ ಹಿಡಿದು ವಾರ್ಡುಗಳಲ್ಲಿ ತಿರುಗುವ ಅವಳ ಚಿತ್ರವು ನಮ್ಮ ಶಾಲೆಯ ಪುಸ್ತಕಗಳಲ್ಲಿತ್ತು. ಹಾಸಿಗೆಯಲ್ಲಿ ಕುಳಿತು ವರದಿಗಳನ್ನು ಬರೆಯುವ ಚಿತ್ರವಿರಲಿಲ್ಲ.

ನಮ್ಮ ಡೋಣಿಯ ದಂಡೆಯ ರೈತನಿಗೆ ಈ ವಿಚಾರವನ್ನು ಹೇಳಿದರೆ ಅವನು ಆಶ್ಚರ್ಯಪಡಲಾರನು. ತಾಳಿಕೋಟೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವವನು ಮುಂಗಾರಿನಲ್ಲಿ ಹೊಲವನ್ನು ಬರಿದೇ ಬಿಡುವ ವಾಡಿಕೆಯುಂಟು. ನೋಡಿದವರಿಗೆ ಹೊಲವು ಸುಮ್ಮನೆ ಬಿದ್ದಂತೆ ಕಾಣುವದು. ಅದು ಮಳೆಯ ನೀರನ್ನು ಒಡಲಲ್ಲಿ ಹಿಡಿಯುತ್ತಿರುವದು. ಆ ನೀರಿನಿಂದಲೇ ಮುಂದೆ ಚಳಿಗಾಲದಲ್ಲಿ ತೆನೆ ಬರಬೇಕು. ಸೋಮವಾರ ಎತ್ತುಗಳ ಹೆಗಲಿಗೆ ನೊಗವಿಡಬಾರದೆಂಬ ನೇಮವನ್ನೂ ಹಳೆಯ ರೈತರು ಬಿಟ್ಟಿಲ್ಲ. ಬಸವಣ್ಣನ ವಾರವೆಂದು ಅದಕ್ಕೆ ಕಾರಣ ಹೇಳುವರು. ಆ ನೇಮದಲ್ಲಿ ನನಗೆ ಮೆಚ್ಚಿಕೆಯಾದದ್ದೆಂದರೆ, ವಿಶ್ರಾಂತಿಯನ್ನು ಎತ್ತು ಕೇಳಬೇಕಾಗಿಲ್ಲ. ಅದು ಬಳಲಿದೆಯೋ ಇಲ್ಲವೋ ಎಂದು ಪರೀಕ್ಷಿಸುವದೂ ಇಲ್ಲ. ಬಳಲಿಕೆಯನ್ನು ತಾಳುವದು ಹೇಗೆಂದು ಅದಕ್ಕೆ ಕಲಿಸುವದೂ ಇಲ್ಲ. ವಾರ ಬಂದಿತು, ನೊಗ ಇಳಿಯಿತು. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಬಗೆದ ಶರಣರಲ್ಲಿಯೂ ಮಿತಿಯೆಂಬದಿತ್ತು. ಕಲ್ಯಾಣದಲ್ಲಿ ಆಯ್ದಕ್ಕಿಯ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದಳೆಂದು ಕಥೆಯಿದೆ. ಅದನ್ನು ಸಾಮಾನ್ಯವಾಗಿ ಆಶೆಯ ವಿಷಯಕ್ಕೆ ಹೇಳುವರು. ದುಡಿಮೆಯ ವಿಷಯಕ್ಕೂ ಅದು ಸಲ್ಲುವದು.

ಇಲ್ಲಿಯವರೆಗೆ ಆಸ್ಪತ್ರೆಯನ್ನೂ ಸರಕಾರವನ್ನೂ ಕುರಿತು ಹೇಳಿದ್ದಾಯಿತು. ಈ ಮಾಸಪತ್ರಿಕೆಯನ್ನು ಓದುವ ಮನೆಗಳವರು ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬಾರದು. ಒಬ್ಬ ರೋಗಿಯೊಡನೆ ಎಂಟು ಜನ ಹೋಗಿ ವಾರ್ಡಿನಲ್ಲಿ ಕುಳಿತು, ಎಂಟು ಜನರ ಎಂಟು ಪ್ರಶ್ನೆಗಳಿಗೆ ಅವಳು ಉತ್ತರಿಸಬೇಕೆಂದು ಅಪೇಕ್ಷಿಸುವವರು ನಾವೇ. ವೈದ್ಯರ ಮುಂದೆ ಕೈಮುಗಿದು, ವೈದ್ಯರ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸುವವರೂ ನಾವೇ. ಇದಕ್ಕೂ ಹೆಚ್ಚಿನದು ಮನೆಯೊಳಗಿದೆ. ಸೊಸೆಯು ಶುಶ್ರೂಷಕಿಯೆಂದು ಹೇಳಿಕೊಳ್ಳಲು ಈಗ ಯಾರಿಗೂ ಸಂಕೋಚವಿಲ್ಲ, ಸಂಬಳ ಬರುವದು. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮನೆ ಸೇರಿದ ಸೊಸೆಯು ಹತ್ತಕ್ಕೆ ರೊಟ್ಟಿ ಬಡಿಯಬೇಕೆಂದು ಕಾಯುವ ಮನೆಗಳು ಎಷ್ಟಿಲ್ಲ! ಹಗಲು ಮಲಗುವ ಹೆಂಗಸಿಗೆ ನಮ್ಮಲ್ಲಿ ಇನ್ನೂ ಒಳ್ಳೆಯ ಹೆಸರಿಲ್ಲ. ಗಂಡನು ರಾತ್ರಿ ದುಡಿದು ಬಂದರೆ ಮಕ್ಕಳನ್ನು ಗದರಿಸಿ ಸುಮ್ಮನಿರಿಸುವ ಮನೆಯೇ, ಅವಳು ದುಡಿದು ಬಂದರೆ ಮಕ್ಕಳನ್ನು ಅವಳ ಹಾಸಿಗೆಗೆ ಕಳಿಸುವದು.

ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಒಬ್ಬ ಅತ್ತೆಯಿದ್ದಾಳೆ, ಅಕ್ಷರ ಬಾರದವಳು. ಸೊಸೆಯು ರಾತ್ರಿ ಪಾಳಿಯಲ್ಲಿರುವ ವಾರ ಅವಳು ಹಾಲಿನವನಿಗೂ ಬಳೆಗಾರನಿಗೂ ಬಾಗಿಲಲ್ಲಿ ಕೂಗಬೇಡಿರೆಂದು ಮೊದಲೇ ಹೇಳಿಡುವಳು. ಕರುವನ್ನು ಬಿಚ್ಚಿ ಹಿತ್ತಲಿನ ಆಚೆ ಕಟ್ಟುವಳು. ಬೀಗರು ಬಂದರೂ, “ಆಕಿ ಎದ್ದ ಮ್ಯಾಲ ಮಾತಾಡಸ್ರಿ” ಎಂದು ಪಡಸಾಲೆಯಲ್ಲಿಯೇ ಕೂಡಿಸುವಳು. ಎರಡು ಗಂಟೆಯ ಸುಮಾರಿಗೆ ಸೊಸೆಯು ತಾನಾಗಿ ಬಾಗಿಲು ತೆರೆದು ಹೊರಗೆ ಬರುವ ವರೆಗೆ ಆ ಮನೆಯಲ್ಲಿ ಒರಳಿನ ಸದ್ದಿರುವದಿಲ್ಲ.